ಮಗಳಿಗೊಂದು ಪತ್ರ: ಪ್ರತಿ ದುಡ್ಡಿಗೂ ಒಂದು ಹೆಸರಿದೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಮಾಡಿ, "ಅಮ್ಮಾ, ಯೂನಿವರ್ಸಿಟಿಯಲ್ಲಿ ಸೀನಿಯರ್ ಅಕೌಂಟೆಂಟ್ ಕೆಲಸ ಸಿಕ್ಕಿತು" ಅಂದಾಗ ನನಗೆ ಸಂತೋಷಕ್ಕೆ ಮಾತೇ ಹೊರಡಲಿಲ್ಲ. ಫೋನ್ ಇಟ್ಟ ಮೇಲೆ ಹೇಳಬೇಕಾದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅದಕ್ಕೇ ಈ ಪತ್ರ.

ಇಷ್ಟು ವರ್ಷ ಕಂಪನಿಯ ಲೆಕ್ಕ ಬರೆದವಳು ನೀನು. ಡೆಬಿಟ್, ಕ್ರೆಡಿಟ್ ನಾನು ಹೇಳಿಕೊಡಬೇಕಾಗಿಲ್ಲ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ತನ್ನ ಗಣಿತದ ಪುಸ್ತಕದಲ್ಲಿ ಅಚ್ಚು ಹಾಕಿಸಿದ, ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವ ಆ ಜೋಡಿ ನಮೂದಿನ ಪದ್ಧತಿಯೇ ಯೂನಿವರ್ಸಿಟಿಯಲ್ಲೂ ನಡೆಯುವುದು. ಆದರೆ ಅಲ್ಲಿಯ ದುಡ್ಡಿನ ಸ್ವಭಾವ ಬೇರೆ. ಅದು ಗೊತ್ತಾಗಲು ನನಗೆ ತುಂಬಾ ದಿನ ಹಿಡಿಯಿತು. ನಿನಗೆ ಬೇಗ ಗೊತ್ತಾಗಲಿ ಅಂತ ನನ್ನ ಆಸೆ.

ಕಂಪನಿಯಲ್ಲಿ ಬಂದ ದುಡ್ಡೆಲ್ಲ ಒಂದೇ ಗಂಟಿಗೆ ಸೇರುತ್ತದೆ. ಎಲ್ಲಿ ಬೇಕೋ ಅಲ್ಲಿ ಖರ್ಚು ಮಾಡುತ್ತಾರೆ. ಯೂನಿವರ್ಸಿಟಿಯಲ್ಲಿ ಬ್ಯಾಂಕ್ ಖಾತೆ ಒಂದೇ ಇದ್ದರೂ ಒಳಗಿರುವ ಒಂದೊಂದು ದುಡ್ಡಿಗೂ ಒಂದೊಂದು ಹೆಸರಿರುತ್ತದೆ. ಇದು ಸಂಶೋಧನೆಗೆ ಬಂದ ಅನುದಾನ. ಇದು ಯಾರೋ ತಮ್ಮ ತಾಯಿಯ ನೆನಪಿಗೆ ಇಟ್ಟ ದತ್ತಿ, ಇದರ ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ಖರ್ಚಿಗೆ. ಇದು ಲೈಬ್ರರಿ ಕಟ್ಟಡಕ್ಕೆ ಬಂದದ್ದು. ಯಾವ ಷರತ್ತೂ ಇಲ್ಲದೆ ಕೈಗೆ ಸಿಗುವ ದುಡ್ಡು ಅಂದರೆ ಹೆಚ್ಚಾಗಿ ಫೀಸು. ಅದರಲ್ಲೂ ಒಂದು ಸೂಕ್ಷ್ಮ ಇದೆ. ವರ್ಷದ ಕೊನೆಯಲ್ಲಿ ಮುಂದಿನ ಅವಧಿಯ ಫೀಸು ಬಂದುಬಿಟ್ಟಿರುತ್ತದೆ. ದುಡ್ಡು ಬಂತು, ಪಾಠ ಇನ್ನೂ ಆಗಿಲ್ಲ. ಪಾಠ ಆಗುವ ತನಕ ಅದು ನಾವು ಮಕ್ಕಳಿಗೆ ಕೊಡಬೇಕಾದ ಬಾಕಿ. ಅದನ್ನು ಈ ವರ್ಷದ ಆದಾಯಕ್ಕೆ ಸೇರಿಸಿ, ಉಳಿತಾಯ ಆಗಿದೆ ಅಂತ ತೋರಿಸಲು ಒತ್ತಡ ಬರಬಹುದು. ಒಪ್ಪಬೇಡ.

ನಾನು ಒಮ್ಮೆ ತಪ್ಪು ಮಾಡಿದ್ದೇನೆ. ನಿನಗೆ ಇದುವರೆಗೂ ಹೇಳಿರಲಿಲ್ಲ. ಒಂದು ವರ್ಷ ಸಂಬಳದ ದಿನ ಹತ್ತಿರ ಬಂದಿತ್ತು, ಬರಬೇಕಾದ ಅನುದಾನ ಬಂದಿರಲಿಲ್ಲ. ವಿದ್ಯಾರ್ಥಿವೇತನದ ನಿಧಿಯಲ್ಲಿ ದುಡ್ಡು ಇತ್ತು. "ಒಂದು ತಿಂಗಳು ತಿರುಗಿಸಿಕೊಳ್ಳೋಣ, ಆಮೇಲೆ ವಾಪಸ್ ಹಾಕಿದರಾಯಿತು" ಅಂದರು ಮೇಲಿನವರು. ಸಹಿ ಹಾಕಿದೆ. ಒಂದು ತಿಂಗಳು ಅಂದದ್ದು ನಾಲ್ಕು ತಿಂಗಳಾಯಿತು. ಒಂದು ಮಧ್ಯಾಹ್ನ ಒಬ್ಬ ಹುಡುಗಿ ನಮ್ಮ ವಿಭಾಗದ ಕಿಟಕಿಗೆ ಬಂದಳು. ಆಯ್ಕೆಯ ಪತ್ರ ತೋರಿಸಿದಳು. ಮಡಚಿ ಮಡಚಿ ಆ ಕಾಗದ ಮಡಿಕೆಯಲ್ಲೇ ಹರಿಯುತ್ತಿತ್ತು. "ಮೇಡಂ, ಪಟ್ಟಿಯಲ್ಲಿ ನನ್ನ ಹೆಸರಿದೆ. ದುಡ್ಡು ಯಾವಾಗ ಬರುತ್ತೆ?" ಅಂತ ಕೇಳಿದಳು. ಪುಸ್ತಕದಲ್ಲಿ ಎಲ್ಲಾ ತಾಳೆಯಾಗಿತ್ತು ಕಣೇ. ಆದರೆ ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ನಾನು ಒಂದು ಟಿಪ್ಪಣಿ ಬರೆಯಬೇಕಿತ್ತು: ಈ ನಿಧಿಯ ಷರತ್ತು ಇದು, ಇದನ್ನು ಬೇರೆ ಕಡೆ ಬಳಸಲು ನಮಗೆ ಅಧಿಕಾರ ಇಲ್ಲ, ಸಂಬಳಕ್ಕೆ ಈ ದಾರಿಗಳಿವೆ ಅಂತ. ಎರಡು ಪ್ಯಾರಾ ಸಾಕಿತ್ತು. ಬರೆಯಲಿಲ್ಲ.

ಹಾಗಂತ ಬರೀ "ಆಗಲ್ಲ" ಅನ್ನುವ ಅಧಿಕಾರಿಯೂ ಆಗಬೇಡ. ಪ್ರಾಧ್ಯಾಪಕರು ಬಂದು "ಪ್ರಯಾಣದ ಲೆಕ್ಕದಲ್ಲಿ ದುಡ್ಡು ಉಳಿದಿದೆ, ಅದರಲ್ಲಿ ಕಂಪ್ಯೂಟರ್ ತಗೊಳ್ತೀನಿ" ಅನ್ನುತ್ತಾರೆ. ಅವರ ಮನಸ್ಸು ಪ್ರಯೋಗದ ಮೇಲಿರುತ್ತದೆ, ಖಾತೆಯ ಶೀರ್ಷಿಕೆ ಮೇಲಲ್ಲ. ಅದು ಸಹಜ. ಕೂರಿಸಿ ಹೇಳು. ಅನುದಾನ ಕೊಟ್ಟವರಿಗೆ ಒಂದು ಪತ್ರ ಬರೆಯೋಣ, ಶೀರ್ಷಿಕೆ ಬದಲಿಸಲು ಒಪ್ಪಿಗೆ ಕೇಳೋಣ, ಒಪ್ಪಿಗೆ ಬಂದ ಮೇಲೆ ಆರ್ಡರ್ ಕೊಡಿ ಅಂತ. ಆ ಪತ್ರದ ಕರಡು ನೀನೇ ಮಾಡಿಕೊಡು. ಯೋಜನೆ ಮುಗಿಯುವ ತಾರೀಕನ್ನೂ ಮೂರು ತಿಂಗಳು ಮುಂಚೆಯೇ ಅವರಿಗೆ ನೆನಪಿಸು. ಆ ತಾರೀಕು ದಾಟಿದ ಮೇಲೆ ಮಾಡಿದ ಖರ್ಚನ್ನು ಸಾಮಾನ್ಯವಾಗಿ ಕೊಟ್ಟವರು ಒಪ್ಪುವುದಿಲ್ಲ. ಕೊನೆಯ ವಾರದಲ್ಲಿ ರಾಶಿ ರಾಶಿ ಸಾಮಾನು ಕೊಂಡರೆ ಆಡಿಟ್‌ನವರು ಕೇಳುವ ಮೊದಲ ಪ್ರಶ್ನೆ ಅದೇ: ಮುಗಿಯುವ ಯೋಜನೆಗೆ ಇಷ್ಟೆಲ್ಲ ಯಾಕೆ ಬೇಕಾಯಿತು? ದುಡ್ಡನ್ನು ಹೇಗೆ ಬಳಸಿದ್ದೇವೆ ಅಂತ ಪ್ರಮಾಣಪತ್ರ ಕೊಡುವಾಗಲೂ ಅಷ್ಟೇ. ಒಪ್ಪಿದ್ದು, ಖರ್ಚಾದದ್ದು, ಮುಂಗಡವಾಗಿ ಕೊಟ್ಟು ಇನ್ನೂ ಲೆಕ್ಕ ಬಾರದ್ದು, ಮೂರನ್ನೂ ಬೇರೆ ಬೇರೆ ಇಡು. ಮುಂಗಡ ಕೊಟ್ಟ ಮಾತ್ರಕ್ಕೆ ಖರ್ಚಾಯಿತು ಅಂತಲ್ಲ.

ಈಗ ನನಗೆ ತುಂಬಾ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಸಸ್ಪೆನ್ಸ್ ಖಾತೆ. ಬ್ಯಾಂಕಿಗೆ ದುಡ್ಡು ಬಂದಿರುತ್ತದೆ, ಯಾರದ್ದು ಅಂತ ಗೊತ್ತಿರುವುದಿಲ್ಲ. ಯಾರೋ ವಿದ್ಯಾರ್ಥಿಯ ಮಾವ ತಮ್ಮ ಖಾತೆಯಿಂದ ಫೀಸು ಕಳಿಸಿರುತ್ತಾರೆ, ನೋಂದಣಿ ಸಂಖ್ಯೆ ಹಾಕಿರುವುದಿಲ್ಲ. ಗುಮಾಸ್ತರು ಅದನ್ನು ಸಸ್ಪೆನ್ಸ್‌ಗೆ ಹಾಕಿ ಮುಂದೆ ಹೋಗುತ್ತಾರೆ. ಲೆಕ್ಕದ ದೃಷ್ಟಿಯಿಂದ ಅದು ಸರಿಯೇ. ಆದರೆ ಅದೇ ಹೊತ್ತಿಗೆ ಆ ವಿದ್ಯಾರ್ಥಿಯ ಹೆಸರು ಬಾಕಿದಾರರ ಪಟ್ಟಿಯಲ್ಲಿರುತ್ತದೆ. ಫೀಸು ಕಟ್ಟಿಯೂ ಕಟ್ಟಿಲ್ಲ ಅನ್ನಿಸಿಕೊಳ್ಳುವ ಸ್ಥಿತಿ ಅದು. ನಮ್ಮಲ್ಲಿ ಒಮ್ಮೆ ಆ ಖಾತೆಯ ಒಂದೊಂದು ಸಾಲಿಗೂ ಬಾಕಿದಾರರ ಪಟ್ಟಿಯಲ್ಲಿ ಅದೇ ಮೊತ್ತ ಹುಡುಕಿದೆವು. ಎರಡು ದಿನ ಕೂತೆವು. ಒಂದೊಂದು ಹೆಸರು ಸಿಕ್ಕಾಗಲೂ ಪಕ್ಕದಲ್ಲಿದ್ದ ಹುಡುಗ ಜೋರಾಗಿ ಓದುತ್ತಿದ್ದ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಖುಷಿಯಾದ ದಿನ ಕಡಿಮೆ.

ಬ್ಯಾಂಕ್ ತಾಳೆ, ಅಂದರೆ ನಮ್ಮ ಪುಸ್ತಕವನ್ನು ಬ್ಯಾಂಕಿನ ಲೆಕ್ಕದ ಜೊತೆ ಹೋಲಿಸಿ ನೋಡುವುದು, ಪ್ರತಿ ತಿಂಗಳೂ ಆಗಲೇಬೇಕು. ಈ ತಿಂಗಳದ್ದನ್ನು ಮುಂದಿನ ತಿಂಗಳಿಗೆ ದೂಡಿದರೆ ಅದು ವರ್ಷದ ಕೊನೆಗೆ ಬೆಟ್ಟವಾಗಿ ನಿಲ್ಲುತ್ತದೆ. ವ್ಯತ್ಯಾಸ ಬಂದರೆ ಮೊದಲು 9ರಿಂದ ಭಾಗಿಸಿ ನೋಡು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಒಂದು ರಾತ್ರಿ ನಮಗೆ 63 ರೂಪಾಯಿ ತಾಳೆಯಾಗುತ್ತಿರಲಿಲ್ಲ. 63 ಅಂದರೆ 9 ಏಳಲಿ. ಹಾಗಾದರೆ ಎಲ್ಲೋ ಕೊನೆಯ ಎರಡು ಅಂಕಿ ಅದಲುಬದಲಾಗಿವೆ, ಅವುಗಳ ನಡುವೆ 7ರ ಅಂತರ ಇದೆ ಅಂತ ಊಹಿಸಿದೆ. 29, 92, 18, 81, 07, 70, ಇವುಗಳಲ್ಲಿ ಮುಗಿಯುವ ಮೊತ್ತಗಳನ್ನು ಮಾತ್ರ ನೋಡುತ್ತಾ ಹೋದೆವು. ಸಿಕ್ಕಿತು: 4,592 ಬರೆಯುವಲ್ಲಿ 4,529 ಬರೆದಿದ್ದರು. ಟ್ರಯಲ್ ಬ್ಯಾಲೆನ್ಸ್‌ನಲ್ಲಿ, ಅಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳನ್ನು ಕೂಡಿ ಸಮ ನೋಡುವ ಪಟ್ಟಿಯಲ್ಲಿ, ವ್ಯತ್ಯಾಸ ಸಮ ಸಂಖ್ಯೆಯಾದರೆ ಅದರ ಅರ್ಧ ಹುಡುಕು. ಡೆಬಿಟ್ ಕಡೆಗೆ ಹೋಗಬೇಕಾದ್ದು ಕ್ರೆಡಿಟ್ ಕಡೆಗೆ ಕೂತಿರಬಹುದು. ಈಗ ಸಾಫ್ಟ್‌ವೇರ್ ಇದೆ, ಎರಡೂ ಕಡೆ ಸಮ ಇಲ್ಲದಿದ್ದರೆ ನಮೂದನ್ನೇ ಒಪ್ಪುವುದಿಲ್ಲ. ಆದರೆ ಎರಡೂ ಕಡೆ ಒಂದೇ ತಪ್ಪು ಮೊತ್ತ ಹಾಕಿದರೆ, ಅಥವಾ ಬೇರೆ ನಿಧಿಗೆ ಹಾಕಿದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಅದನ್ನು ಹಿಡಿಯಬೇಕಾದ್ದು ನಿನ್ನ ಕಣ್ಣು.

ಸೀನಿಯರ್ ಆದ ಮೇಲೆ ನೀನು ಬರೆಯುವುದಕ್ಕಿಂತ ಬೇರೆಯವರು ಬರೆದದ್ದನ್ನು ನೋಡುವುದೇ ಜಾಸ್ತಿ. ತಪ್ಪು ಕಂಡರೆ ನೀನೇ ತಿದ್ದಿ ಮುಗಿಸಬೇಡ, ಬರೆದವರಿಗೆ ವಾಪಸ್ ಕೊಟ್ಟು ತಿದ್ದಿಸು. ತಪ್ಪು ತಿದ್ದಲು ಹಾಕುವ ಹೊಂದಾಣಿಕೆ ನಮೂದಿನ ಕೆಳಗೆ "ಸರಿಪಡಿಸಲಾಗಿದೆ" ಅಂತ ಬರೆದರೆ ಒಪ್ಪಿಕೊಳ್ಳಬೇಡ. ಯಾವ ವೋಚರ್, ಏನು ತಪ್ಪು, ಯಾರ ಒಪ್ಪಿಗೆ, ಇಷ್ಟಾದರೂ ಇರಲಿ. ಮೂರು ವರ್ಷ ಬಿಟ್ಟು ಅದನ್ನು ಓದುವವರು ನಿಮ್ಮ ಕೋಣೆಯಲ್ಲಿ ಇರುವುದಿಲ್ಲ ಅಲ್ವಾ?

ದುಡ್ಡು ತೆಗೆದುಕೊಳ್ಳುವವರೇ ಬ್ಯಾಂಕ್ ತಾಳೆ ಮಾಡಬಾರದು. ಹೊಸ ಸರಬರಾಜುದಾರರ ಹೆಸರು ಸೇರಿಸುವವರೇ ಪಾವತಿಗೆ ಒಪ್ಪಿಗೆ ಕೊಡಬಾರದು. ಇದು ಯಾರ ಮೇಲಿನ ಅನುಮಾನವೂ ಅಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಪ್ರಾಮಾಣಿಕರ ಮೇಲೆ ಬೆರಳು ತೋರದ ಹಾಗೆ ಕಾಯುವ ವ್ಯವಸ್ಥೆ ಅದು. ನಿನ್ನ ಕೈಕೆಳಗಿನವರಿಗೆ ಹೀಗೇ ಹೇಳು, ಅವರಿಗೆ ನೋವಾಗುವುದಿಲ್ಲ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಕಳಿಸಿ" ಅಂತ ಇಮೇಲ್ ಬಂದರೆ ಆ ಇಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡ. ನಮ್ಮ ಹಳೆಯ ಕಡತದಲ್ಲಿರುವ ನಂಬರಿಗೆ ಮಾಡಿ ಕೇಳಿಸು. ಈ ಮೋಸದಲ್ಲಿ ಹೋದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ.

ಆಡಿಟ್ ಬಗ್ಗೆ ನೀನು ಹೆದರುವುದು ನನಗೆ ಗೊತ್ತು. ಗೊತ್ತಿದ್ದರೆ ಹೇಳು, ಇಲ್ಲದಿದ್ದರೆ "ನೋಡಿ ನಾಳೆ ಹೇಳುತ್ತೇನೆ" ಅನ್ನು, ನಾಳೆ ಮರೆಯದೆ ಹೇಳು. ನಮ್ಮದೇ ತಪ್ಪು ನಮಗೆ ಮೊದಲೇ ಕಂಡಿದ್ದರೆ ಅವರು ಕೇಳುವ ಮುಂಚೆ ನೀನೇ ತೋರಿಸು. ಹಾಗೆ ತೋರಿಸಿದವರ ಮಾತನ್ನು ಅವರು ನಂಬುತ್ತಾರೆ.

ಹಣಕಾಸು ಸಮಿತಿಯ ಮುಂದೆ ಹೋಗುವಾಗ ನಲವತ್ತು ಪುಟದ ಪಟ್ಟಿ ಹೊತ್ತುಕೊಂಡು ಹೋಗಬೇಡ. ಅಲ್ಲಿ ಕೂತವರು ಇತಿಹಾಸ, ರಸಾಯನಶಾಸ್ತ್ರ ಓದಿದವರು. ಅವರಿಗೆ ಒಂದು ಪುಟ ಸಾಕು: ನಮ್ಮ ಇಷ್ಟಕ್ಕೆ ಖರ್ಚು ಮಾಡಬಹುದಾದ ದುಡ್ಡು ಎಷ್ಟು, ಷರತ್ತಿನ ದುಡ್ಡು ಎಷ್ಟು, ಯಾವ ತಿಂಗಳು ಕೈ ಬಿಗಿಯಾಗುತ್ತದೆ. ಬ್ಯಾಂಕಿನಲ್ಲಿರುವ ಒಟ್ಟು ಮೊತ್ತವನ್ನೇ ನೋಡಿ ಹೊಸ ಕಟ್ಟಡದ ಕನಸು ಕಾಣುವವರಿಗೆ ಆ ಒಂದು ಪುಟ ತುಂಬಾ ಉಪಕಾರ ಮಾಡುತ್ತದೆ.

ಸೋಮವಾರ ಸೇರಿಕೊಂಡ ಕೂಡಲೇ ಎರಡು ಕಾಗದ ಕೇಳು. ಎಲ್ಲ ನಿಧಿಗಳ ಪಟ್ಟಿ, ಅವುಗಳ ಷರತ್ತಿನ ಪತ್ರಗಳ ಜೊತೆ. ಮತ್ತೆ ಸಸ್ಪೆನ್ಸ್ ಖಾತೆಯ ಪಟ್ಟಿ, ತಾರೀಕಿನ ಪ್ರಕಾರ. ಎಲ್ಲಕ್ಕಿಂತ ಹಳೆಯ ಸಾಲಿನಿಂದ ಶುರು ಮಾಡು. ಮೊದಲ ಹೆಸರು ಸಿಕ್ಕ ದಿನ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ನಾನು ಎದ್ದಿರುತ್ತೇನೆ.

ನಿನ್ನ
ಅಮ್ಮ