ತೋಡಿನ ಬದಿಯ ಈ ನೊಣವನ್ನೂ ಒಮ್ಮೆ ತೋರಿಸಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪೇಪರಲ್ಲಿ ಮಳೆಗಾಲದ ಹುಳಗಳ ಫೋಟೋ ಪೇಜ್ ಬಂದಿತ್ತಲ್ಲ, ನೋಡಿ ತುಂಬಾ ಖುಷಿಯಾಯ್ತು, ಚಿಟ್ಟೆ ಉಂಟು, ಏರೋಪ್ಲೇನ್ ಚಿಟ್ಟೆ ಉಂಟು, ಮಿಂಚುಹುಳ ಉಂಟು, ಆದ್ರೆ ನೊಣ ಒಂದೂ ಇಲ್ಲ. ನೊಣ ಅಂದ್ರೆ ಮೀನು ಮಾರ್ಕೆಟಲ್ಲಿ ಕೂರುವಂಥದ್ದು ಮಾತ್ರ ಅಂತ ಹೆಚ್ಚಿನವ್ರು ಅಂದ್ಕೊಂಡಿದ್ದಾರೆ, ಅದು ಬೇಜಾರಿನ ವಿಷಯ.

ಸೆಲಿಫಿಡೇ ಅಂತ ನೊಣಗಳ ಒಂದು ಸಣ್ಣ ಕುಟುಂಬ ಉಂಟು, ಜಾತಿಗಳು ನೂರ ಚಿಲ್ಲರೆ ಅಷ್ಟೇ. ಏಷ್ಯಾ ಮತ್ತು ಆಫ್ರಿಕಾದ ಸೆಕೆ, ತೇವ ಇರುವ ಜಾಗದಲ್ಲಿ ಸಿಗ್ತವೆ, ಅಮೆರಿಕದ ಕಡೆ ಇಲ್ಲವೇ ಇಲ್ಲ. ಸ್ವೀಡನ್ನಿನ ಕೀಟ ವಿಜ್ಞಾನಿ ಡಾಲ್ಮನ್ 1818ರಲ್ಲೇ ಇದ್ರಲ್ಲಿ ಒಂದಕ್ಕೆ ಹೆಸರಿಟ್ಟು ಬರೆದಿದ್ದಾನೆ. ಅರ್ಧ ಸೆಂಟಿಮೀಟರ್ ಆಸುಪಾಸಿನ ಈ ನೊಣ ಎಲೆ ಮೇಲೆ ಕೂತ್ರೆ ಯಾರೂ ನೊಣ ಅನ್ನೋದಿಲ್ಲ, ಗುಲಗಂಜಿ ಹುಳದ ಹಾಗೆ ಗುಂಡಗೆ ಉಬ್ಬಿದ ಬೆನ್ನು, ಕೆಲವು ನೀಲಿ ಹಸಿರು ಹೊಳೀತವೆ, ಕೆಲವು ಜೇನು ಬಣ್ಣ. ಆದ್ರೆ ಹತ್ತಿರ ಹೋಗಿ ನೋಡಿ, ಬೆನ್ನಿನ ನಡುವೆ ಗೆರೆ ಇರುವುದಿಲ್ಲ! ಗುಲಗಂಜಿ ಹುಳದ ಬೆನ್ನಿನ ಚಿಪ್ಪು ಅಂದ್ರೆ ಅದರ ಮುಂದಿನ ಎರಡು ರೆಕ್ಕೆ, ಹಾರುವಾಗ ಎರಡು ಭಾಗ ಆಗಿ ತೆರೀತದೆ. ಈ ನೊಣದ ಬೆನ್ನಿನ ಚಿಪ್ಪು ರೆಕ್ಕೆಯೇ ಅಲ್ಲ, ಎದೆಯ ಹಿಂದಿನ ಒಂದು ಸಣ್ಣ ಭಾಗ ಬೆಳ್ದು ಬೆಳ್ದು ಇಡೀ ಹೊಟ್ಟೆ ಮುಚ್ಚುವಷ್ಟು ದೊಡ್ಡದಾದದ್ದು, ಅದು ತೆರೆಯುವುದೇ ಇಲ್ಲ, ರೆಕ್ಕೆ ಅದರಡಿಗೆ ಮಡಚಿ ಇರ್ತದೆ, ಹಾರುವಾಗ ಬದಿಯಿಂದ ಹೊರಗೆ ಬರ್ತದೆ. ಎಷ್ಟು ಸಲ ನೋಡಿದ್ರೂ ನನಗೆ ಸಾಕಾಗೋದಿಲ್ಲ.

ಮರಿಗಳು ಕೊಳೆತ ಎಲೆ, ಹುಲ್ಲಲ್ಲಿ ಬೆಳೀತವೆ. ಹಾಗಾಗಿ ಇವಕ್ಕೆ ಬೇಕಾದ್ದು ಕೆಸು, ಜರಿಗಿಡ, ದರಲೆ (ಉದುರಿದ ಒಣ ಎಲೆ) ಎಲ್ಲ ಇರುವ ಒದ್ದೆ ಜಾಗ, ನಮ್ಮ ಉಡುಪಿ ಕಡೆ ಅಂದ್ರೆ ತೋಡಿನ (ಸಣ್ಣ ಹಳ್ಳದ) ಬದಿ, ಬೈಲಿನ ಅಂಚು. ಇದನ್ನೆಲ್ಲ ಯಾಕೆ ಬರೀತಿದ್ದೇನೆ ಅಂದ್ರೆ, ನಮ್ಮಲ್ಲಿ ತೋಡಿನ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಕಟ್ಟಿ ಆಯ್ತು, ಉಳಿದ ಚೂರು ಜಾಗಕ್ಕೆ ಹುಲ್ಲು ಸಾಯುವ ಮದ್ದು ಬಿಡ್ತಾರೆ, ಕೇಳಿದ್ರೆ ಕ್ಲೀನ್ ಮಾಡೋದು ಅಂತಾರೆ. ಅಲ್ಲಿ ಏನಿತ್ತು ಅಂತ ಗೊತ್ತಿಲ್ಲದವರಿಗೆ ಏನು ಹೋಯ್ತು ಅಂತ ಗೊತ್ತಾಗುವುದು ಹೇಗೆ?

ಮುಂದಿನ ಸಲ ಫೋಟೋ ಪೇಜ್ ಮಾಡುವಾಗ ಈ ನೊಣಕ್ಕೂ ಸ್ವಲ್ಪ ಜಾಗ ಕೊಡಿ, ಶಾಲೆ ಮಕ್ಕಳು ನೋಡಲಿ. ತೋಡಿನ ಬದಿಯ ಹುಲ್ಲು ಜಾಸ್ತಿಯಾದ್ರೆ ಮೆಷಿನಲ್ಲಿ ಹೆರೆದ್ರೆ ಸಾಕು, ಮದ್ದು ಬಿಡುವುದು ಬೇಡ ಅಂತಲೂ ದಯವಿಟ್ಟು ಒಂದು ಮಾತು ಬರೀರಿ.

ಇತಿ,
ಒಬ್ಬ ಓದುಗ, ಉಡುಪಿ