ಅರಸೀಕೆರೆಯಲ್ಲಿ ಇಳಿದ ಹಿರಿಯರಿಗೆ

ಹುಬ್ಬಳ್ಳಿಯಿಂದ ಬರುವಾಗ ರೈಲಿನಲ್ಲಿ ಎದುರು ಕೂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣವನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಿದ್ದೆ. ನೀವು ಪೆನ್ಸಿಲ್ ತೆಗೆದು 'ಚೆಕ್' ಎಂಬ ಪದದ ಸುತ್ತ ಗೆರೆ ಎಳೆದಿರಿ. ಸಮಾನತೆಯ ಮಾತು ಕೊಟ್ಟ ಅಮೆರಿಕ ಕಪ್ಪು ಜನರ ಕೈಗಿಟ್ಟಿದ್ದು ಹಣವಿಲ್ಲದೆ ವಾಪಸ್ ಬಂದ ಚೆಕ್ಕು ಎನ್ನುತ್ತಾರೆ ಕಿಂಗ್ ಅಲ್ಲಿ! "ಕನಸು ಎಲ್ಲರಿಗೂ ನೆನಪಿರುತ್ತಮ್ಮ, ಅದಕ್ಕೂ ಮೊದಲು ಬಾಕಿ ಕೇಳ್ತಾರೆ ನೋಡು" ಅಂದಿರಿ. ಆಮೇಲೆ "ನನಗೊಂದು ಕನಸಿದೆ" ಎಂದು ಶುರುವಾಗುವ ಸಾಲುಗಳನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದಿರಿ. ಹೇಳಿದ್ದನ್ನೇ ಹೇಳುವುದು ದೋಷ ಅಂದುಕೊಂಡಿದ್ದೆ. ಪ್ರತಿ ಸಲ ನನ್ನ ದನಿಯೇ ಒಂದು ಮೆಟ್ಟಿಲು ಏರಿತು. ರೂಪಕಕ್ಕೆ ವರ್ಷಗಟ್ಟಲೆ ವ್ಯಾಖ್ಯೆ ಬರೆದಿದ್ದೇನೆ, ಕೈಗೆ ಸಿಕ್ಕಿದ್ದು ಅವತ್ತೇ. ನಿಮ್ಮ ಪೆನ್ಸಿಲ್ ನನ್ನ ಬಳಿಯೇ ಉಳಿದಿದೆ. ತುಂಬಾ ತುಂಬಾ ಧನ್ಯವಾದ ಸರ್.