ತಂದೆಯ ಹೆಸರು ಹಿಡಿದು ಹೋದರೆ ಸಿಗದ ಮನೆತನ

ಸಂಪಾದಕರೇ,

ವಂಶವೃಕ್ಷ ಹುಡುಕುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಸರ್‌ನೇಮ್ ಹಿಡಿದು ತಂದೆ, ತಾತ ಅಂತ ಹಿಂದೆ ಹೋಗಿ ಎಂಬ ಸಲಹೆ ಎಲ್ಲ ಕಡೆ ನಡೆಯುವುದಿಲ್ಲ. ಕೆನಡಾದ ಪಶ್ಚಿಮ ಕರಾವಳಿಯ ತ್ಸಿಮ್ಶಿಯನ್ ಎಂಬ ಮೂಲನಿವಾಸಿ ಜನರನ್ನೇ ನೋಡಿ. ಅಲ್ಲಿ ಮಗು ಸೇರುವುದು ತಾಯಿಯ ಕುಲಕ್ಕೆ. ಕಾಗೆ, ಹದ್ದು, ತೋಳ, ಓರ್ಕಾ ತಿಮಿಂಗಿಲ ಅಂತ ನಾಲ್ಕು ಕುಲ, ಒಂದೊಂದರಲ್ಲೂ ಹಲವು ಮನೆಗಳು, ಅಂದರೆ ಮನೆತನಗಳು. ಮುಖಂಡನ ಪಟ್ಟ ಮಗನಿಗಲ್ಲ, ಸಾಮಾನ್ಯವಾಗಿ ತಮ್ಮನಿಗೋ ಸೋದರಳಿಯನಿಗೋ. ಅಳಿಯಕಟ್ಟು ನೋಡಿ ಬೆಳೆದ ನಮ್ಮ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅವರ ಇಂಗ್ಲಿಷ್ ಹೆಸರುಗಳು ಹೆಚ್ಚಾಗಿ ಮಿಷನರಿಗಳ ಕಾಲದಲ್ಲಿ, ಬ್ಯಾಪ್ಟಿಸಮ್ ಹೊತ್ತಿಗೆ ಬಂದವು. ಅದಕ್ಕಿಂತ ಹಿಂದೆ ಸರ್‌ನೇಮ್ ಇಟ್ಟುಕೊಂಡು ಹುಡುಕಿದರೆ ಏನೂ ಸಿಗದು. ಮನೆತನದ ಹೆಸರುಗಳದ್ದು ಇನ್ನೊಂದು ಕಥೆ. ಒಬ್ಬರಿಗೇ ವಯಸ್ಸು, ಸ್ಥಾನ ಏರಿದ ಹಾಗೆ ಬೇರೆ ಬೇರೆ ಹೆಸರು ಬರುತ್ತದೆ, ಅದೇ ಹೆಸರು ಮುಂದೆ ಅದೇ ಮನೆಯ ಇನ್ನೊಬ್ಬರಿಗೆ ಹೋಗುತ್ತದೆ, ಹಾಗಾಗಿ ಹಳೆಯ ಕಾಗದದಲ್ಲಿ ಹೆಸರು ಕಂಡ ಮಾತ್ರಕ್ಕೆ ಅವರು ನಿಮ್ಮ ಮುತ್ತಜ್ಜಿಯೇ ಅಂತ ಹೇಳಲಾಗದು.

ಕಾಗದಗಳೂ ಒಂದೇ ಕಡೆ ಇಲ್ಲ. ವಿಲಿಯಂ ಡಂಕನ್ ಎಂಬ ಮಿಷನರಿ 1862ರಲ್ಲಿ ಕೆನಡಾದ ಮೆಟ್ಲಕಟ್ಲದಲ್ಲಿ ಇವರಿಗಾಗಿ ಊರು ಕಟ್ಟಿದ. ಚರ್ಚಿನವರ ಜೊತೆ ಜಗಳವಾಗಿ 1887ರಲ್ಲಿ ಸುಮಾರು 800 ಜನರೊಂದಿಗೆ ಅಲಾಸ್ಕಾದ ಆನೆಟ್ ದ್ವೀಪಕ್ಕೆ ಹೋದ. ಹೀಗೆ ಅಕ್ಕನ ದಾಖಲೆ ಕೆನಡಾದಲ್ಲಿ, ತಂಗಿಯದು ಅಮೆರಿಕದಲ್ಲಿ ಇದ್ದರೂ ಇರಬಹುದು. ಅದೇ ಕರಾವಳಿಯ ಫೋರ್ಟ್ ಸಿಂಪ್ಸನ್‌ನಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಕಡತಗಳು ಈಗ ಕೆನಡಾದ ವಿನ್ನಿಪೆಗ್ ನಗರದಲ್ಲಿವೆ. ಆರ್ಥರ್ ವೆಲಿಂಗ್ಟನ್ ಕ್ಲಾ ಎಂಬ ತ್ಸಿಮ್ಶಿಯನ್ ಸುಮಾರು 50 ವರ್ಷ ಇಂಗ್ಲಿಷಿನಲ್ಲಿ ಡೈರಿ ಬರೆದ, ಅದಿರುವುದು ಲಂಡನ್ನಿನಲ್ಲಿ!

ನನಗೆ ಜಾಸ್ತಿ ಸಿಟ್ಟು ಬರುವುದು ಅಲ್ಲಿನ ಮೂಲನಿವಾಸಿಗಳಿಗಾಗಿ ಕೆನಡಾ ಸರ್ಕಾರ ಮಾಡಿದ ಇಂಡಿಯನ್ ಕಾಯ್ದೆಯ ಮೇಲೆ. ಹೊರಗಿನವನನ್ನು ಮದುವೆಯಾದ ಮೂಲನಿವಾಸಿ ಹೆಂಗಸಿನ ಹೆಸರನ್ನು 1985ರವರೆಗೂ ಮೂಲನಿವಾಸಿಗಳ ಸರ್ಕಾರಿ ಪಟ್ಟಿಯಿಂದ ತೆಗೆಯುತ್ತಿದ್ದರು, ಅವಳ ಮಕ್ಕಳಿಗೂ ಜಾಗ ಇರಲಿಲ್ಲ. ಗಂಡಸು ಹೊರಗಿನವಳನ್ನು ಮದುವೆಯಾದರೆ ಮಾತ್ರ ಅವಳಿಗೂ ಪಟ್ಟಿಯಲ್ಲಿ ಜಾಗ ಸಿಗುತ್ತಿತ್ತು. ಅಂದರೆ ಕುಲವನ್ನು ಮುಂದಕ್ಕೆ ಒಯ್ಯುವವಳೇ ಕಾಗದದಿಂದ ಮಾಯ. ಆಮೇಲೆ ಕಾಯ್ದೆ ತಿದ್ದಿದರು, ಸರಿ. ಆದರೆ ನಡುವಿನ ತಲೆಮಾರುಗಳನ್ನು ಆ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತಾರಾ?

ಆದ್ದರಿಂದ ಮೊದಲು ಕೇಳಬೇಕಾದ್ದು ಅಜ್ಜಿ ಯಾವ ಊರಿನವಳು, ಯಾವ ಕುಲ, ಯಾವ ಮನೆ ಅಂತ. ಅದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಆದರೆ ಮನೆತನದ ಕಥೆ ಆ ಮನೆಯವರ ಸ್ವತ್ತು, ಬೇರೆಯವರು ಸುಮ್ನೆ ಹೇಳುವಂತಿಲ್ಲ, ಹಾಗಾಗಿ ಸರಿಯಾದ ಮನೆಯವರನ್ನೇ ಹುಡುಕಿ ಕೇಳಬೇಕು. ಇಂಥ ಮಾಹಿತಿಯನ್ನೂ ಮುಂದಿನ ಬರಹದಲ್ಲಿ ಹಾಕಿ.

ಇಂತಿ,
ಒಬ್ಬ ಓದುಗ, ಉಡುಪಿ